ಅರವತ್ತರ ನಂತರ ತೊಡೆಗೆ ಬಲ, ಮೈಗೆ ಕಸುವು: ಮನೆಯಲ್ಲೇ ಮಾಡುವ ವ್ಯಾಯಾಮ, ಹಂತ ಹಂತವಾಗಿ

"ದಿನಾ ಬೆಳಗ್ಗೆ ಪಾರ್ಕಿನಲ್ಲಿ ಐದಾರು ಸುತ್ತು ಹಾಕ್ತೀನಿ. ಆದ್ರೂ ಸೋಫಾದಿಂದ ಏಳೋಕೆ ಕೈ ಊರಲೇಬೇಕು." ಅರವತ್ತು ದಾಟಿದವರ ಬಾಯಲ್ಲಿ ಪದೇ ಪದೇ ಕೇಳುವ ಮಾತು ಇದು. ಹೀಗೆ ಹೇಳುವವರು ಸೋಮಾರಿಗಳಲ್ಲ, ಮಳೆ ಬಂದರೂ ಕೊಡೆ ಹಿಡಿದು ವಾಕಿಂಗ್ ಹೋಗುವವರು. ನಡಿಗೆ ಹೃದಯಕ್ಕೆ, ರಕ್ತದ ಸಕ್ಕರೆಗೆ, ನಿದ್ದೆಗೆ ಒಳ್ಳೆಯದು. ಆದರೆ ಸಮತಟ್ಟಾದ ದಾರಿಯಲ್ಲಿ ಒಂದೇ ವೇಗದಲ್ಲಿ ನಡೆದರೆ ತೊಡೆಯ ಸ್ನಾಯುವಿಗೆ ಅದು ದಿನವೂ ಹೊರುವ ಭಾರಕ್ಕಿಂತ ಹೆಚ್ಚೇನೂ ಬೀಳುವುದಿಲ್ಲ. ಭಾರ ಬೀಳದ ಸ್ನಾಯು ಬೆಳೆಯುವುದಿಲ್ಲ.

ಇದನ್ನು ತಿಳಿದು ವ್ಯಾಯಾಮ ಶುರು ಮಾಡಿದವರೂ ಎರಡು ಕಡೆ ಎಡವುತ್ತಾರೆ. ಕೆಲವರು ಹುಮ್ಮಸ್ಸಿನಲ್ಲಿ ಮೊದಲ ದಿನವೇ ಐವತ್ತು ಬಸ್ಕಿ ಹೊಡೆದು, ಮೂರು ದಿನ ಮೆಟ್ಟಿಲು ಇಳಿಯಲಾಗದೆ ಬಿಟ್ಟುಬಿಡುತ್ತಾರೆ. ಇನ್ನು ಕೆಲವರು ಅರ್ಧ ಕಿಲೋ ಡಂಬೆಲ್ ತಂದು ವರ್ಷವಿಡೀ ಅದನ್ನೇ ಎತ್ತುತ್ತಾರೆ. ಇವರು ಬಿಡುವುದಿಲ್ಲ, ಆದರೆ ಬಲವೂ ಬರುವುದಿಲ್ಲ. ಎರಡೂ ತಪ್ಪಿಗೆ ಮದ್ದು ಒಂದೇ: ಸರಿಯಾದ ಕ್ರಮ. ಮೊದಲು ಅಳತೆ, ಆಮೇಲೆ ಸಣ್ಣ ಭಾರ, ಆಮೇಲೆ ಭಾರದ ಏರಿಕೆ, ಕಾಲು ಗಟ್ಟಿಯಾದ ಮೇಲೆ ಏದುಸಿರಿನ ವ್ಯಾಯಾಮ.

ಒಳಗೆ ಏನಾಗುತ್ತಿದೆ

ಇಷ್ಟು ತಿಳಿದುಕೊಂಡರೆ ಮುಂದಿನ ಹಂತಗಳ ಕಾರಣ ತಾನಾಗಿ ಅರ್ಥವಾಗುತ್ತದೆ.

ನಮ್ಮ ಸ್ನಾಯುಗಳಲ್ಲಿ ಎರಡು ಬಗೆಯ ಎಳೆಗಳಿವೆ. ನಿಧಾನದ ಎಳೆಗಳು ನಿಲ್ಲಲು, ನಡೆಯಲು ಸಾಕು. ವೇಗದ ಎಳೆಗಳು ಕುರ್ಚಿಯಿಂದ ಏಳಲು, ಬಸ್ ಹತ್ತಲು, ಎಡವಿದಾಗ ಥಟ್ಟನೆ ಕಾಲು ಮುಂದಿಟ್ಟು ಬೀಳದೆ ನಿಲ್ಲಲು ಬೇಕು. ವಯಸ್ಸಾದಂತೆ ಹೆಚ್ಚು ಸಣ್ಣದಾಗುವುದು ಈ ವೇಗದ ಎಳೆಗಳೇ. ನಿಧಾನದ ನಡಿಗೆ ಅವುಗಳನ್ನು ಎಬ್ಬಿಸುವುದೇ ಇಲ್ಲ. ಭಾರ ಹೆಚ್ಚಿದಾಗ ಅಥವಾ ವೇಗ ಬೇಕಾದಾಗ ಮಾತ್ರ ಮೆದುಳು ಅವುಗಳನ್ನು ಕೆಲಸಕ್ಕೆ ಕರೆಯುತ್ತದೆ.

ಇನ್ನೊಂದು, ಜೀವಕೋಶದ ಒಳಗಿನ ಶಕ್ತಿ. ನಾವು ತಿಂದ ಅನ್ನ, ಎಣ್ಣೆಯ ಶಕ್ತಿ ಕೊನೆಗೆ ಎಟಿಪಿ ಎಂಬ ಕಣದೊಳಗೆ ಸೇರಿದರೆ ಮಾತ್ರ ಸ್ನಾಯು ಅದನ್ನು ಬಳಸಬಲ್ಲದು. ಆಮ್ಲಜನಕ ಬಳಸಿ ಈ ಕೆಲಸದ ಬಹುಪಾಲನ್ನು ಮಾಡುವುದು ಜೀವಕೋಶದೊಳಗಿನ ಮೈಟೊಕಾಂಡ್ರಿಯಗಳೆಂಬ ಪುಟ್ಟ ಘಟಕಗಳು. ಎಟಿಪಿಯನ್ನು ದೇಹ ಕೂಡಿಡಲಾರದು, ಕ್ಷಣಕ್ಷಣಕ್ಕೂ ತಯಾರಿಸುತ್ತಲೇ ಇರಬೇಕು. ಕೆಲಸ ಕಡಿಮೆಯಾದರೆ ಮೈಟೊಕಾಂಡ್ರಿಯಗಳೂ ಕಡಿಮೆಯಾಗುತ್ತವೆ, ಹಾಳಾದವು ವಿಲೇವಾರಿಯಾಗದೆ ಉಳಿಯುತ್ತವೆ. ಏದುಸಿರು ಬರುವಷ್ಟು ದುಡಿದಾಗ ಜೀವಕೋಶಕ್ಕೆ ಶಕ್ತಿ ಸಾಲುತ್ತಿಲ್ಲ ಎಂಬ ಸೂಚನೆ ಹೋಗಿ, ಹಳೆಯವನ್ನು ತೆಗೆದು ಹೊಸವನ್ನು ಕಟ್ಟುವ ಕೆಲಸ ಶುರುವಾಗುತ್ತದೆ.

ಅಮೆರಿಕದ ಮೇಯೊ ಕ್ಲಿನಿಕ್‌ನ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 12 ವಾರ ಬಿಟ್ಟು ಬಿಟ್ಟು ಜೋರಾಗಿ ಸೈಕಲ್ ತುಳಿದವರ ಸ್ನಾಯುಗಳಲ್ಲಿ ಮೈಟೊಕಾಂಡ್ರಿಯಗಳ ಸಾಮರ್ಥ್ಯ ಯುವಕರಲ್ಲಿ 49%, 65 ದಾಟಿದವರಲ್ಲಿ 69% ಹೆಚ್ಚಿತ್ತು. ವಯಸ್ಸಾದವರಿಗೆ ಸಿಕ್ಕ ಲಾಭವೇ ಹೆಚ್ಚು. ಆದರೆ ಸ್ನಾಯುವಿನ ಬಲ ಚೆನ್ನಾಗಿ ಏರಿದ್ದು ಭಾರ ಎತ್ತಿದವರಲ್ಲಿ. ಹಾಗಾಗಿ ಎರಡೂ ಬೇಕು, ಒಂದರ ಬದಲಿಗೆ ಇನ್ನೊಂದು ಆಗದು.

"ಈ ವಯಸ್ಸಲ್ಲಿ ಇನ್ನೇನು" ಎನ್ನುವವರಿಗೆ ಒಂದು ಮಾತು. 1990ರಲ್ಲಿ ಪ್ರಕಟವಾದ ಬಾಸ್ಟನ್‌ನ ಅಧ್ಯಯನವೊಂದರಲ್ಲಿ ಆರೈಕೆ ಕೇಂದ್ರದಲ್ಲಿದ್ದ, ಸರಾಸರಿ 90 ವರ್ಷದ ಹತ್ತು ಮಂದಿ ಕಾಲಿನಿಂದ ಭಾರ ಎತ್ತುವ ವ್ಯಾಯಾಮಕ್ಕೆ ಸೇರಿದರು. ಎಂಟು ವಾರ ಪೂರೈಸಿದ ಒಂಬತ್ತು ಮಂದಿಯ ಬಲ ಸರಾಸರಿ 174% ಏರಿತ್ತು.

ಹಂತ 1: ಮೊದಲು ಡಾಕ್ಟರನ್ನು ಕೇಳಬೇಕಾದವರು

ಹೃದಯದ ತೊಂದರೆ, ಸ್ಟೆಂಟ್, ಹತೋಟಿಗೆ ಬಾರದ ಬಿ.ಪಿ., ನಡೆಯುವಾಗ ಎದೆ ಬಿಗಿತ, ಕಾರಣವಿಲ್ಲದ ತಲೆಸುತ್ತು, ಇತ್ತೀಚಿನ ಯಾವುದೇ ಶಸ್ತ್ರಚಿಕಿತ್ಸೆ ಇದ್ದರೆ ಡಾಕ್ಟರ ಒಪ್ಪಿಗೆ ಇಲ್ಲದೆ ಶುರು ಮಾಡಬೇಡಿ. ಕಣ್ಣಿನ ಪೊರೆ ತೆಗೆಸಿಕೊಂಡ ಕೆಲವು ವಾರ ಭಾರ ಎತ್ತುವಂತಿಲ್ಲ. ಸಕ್ಕರೆ ಕಾಯಿಲೆಯಿಂದ ಅಕ್ಷಿಪಟಕ್ಕೆ ತೊಂದರೆಯಾಗಿದ್ದರೆ ಕಣ್ಣಿನ ಡಾಕ್ಟರನ್ನೂ ಕೇಳಿ.

ನುಂಗುವ ಮಾತ್ರೆಗಳ ಪಟ್ಟಿಯನ್ನು ಕೈಯಲ್ಲಿ ಹಿಡಿದು ಹೋಗಿ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಕೆಲವು ಮಾತ್ರೆ ತೆಗೆದುಕೊಳ್ಳುವವರಿಗೆ ವ್ಯಾಯಾಮದ ನಡುವೆ ಸಕ್ಕರೆ ತೀರಾ ಇಳಿಯಬಹುದು. ಬೀಟಾ ಬ್ಲಾಕರ್ ಗುಂಪಿನ ಬಿ.ಪಿ. ಮಾತ್ರೆ ನುಂಗುವವರ ನಾಡಿ ಎಷ್ಟು ದಣಿದರೂ ಹೆಚ್ಚು ಏರುವುದಿಲ್ಲ. ಅವರು ಕೈಗಡಿಯಾರದ ನಾಡಿ ಲೆಕ್ಕವನ್ನು ನಂಬಬಾರದು, ಉಸಿರನ್ನು ಗಮನಿಸಬೇಕು. ಮೂಳೆ ಸವೆತ ಇದೆ ಎಂದು ಗೊತ್ತಾಗಿರುವವರು ಬೆನ್ನು ಬಗ್ಗಿಸಿ ನೆಲದಿಂದ ಭಾರ ಎತ್ತುವುದನ್ನು ಪೂರ್ತಿ ಬಿಡಬೇಕು.

ಮಂಡಿನೋವು ಇದ್ದವರು ಮಾತ್ರ "ನನಗಾಗದು" ಎಂದು ಕೈಬಿಡಬೇಡಿ. ಮಂಡಿ ಸವೆತಕ್ಕೆ ಹೇಳುವ ಮೊದಲ ಚಿಕಿತ್ಸೆಗಳಲ್ಲಿ ತೊಡೆಯನ್ನು ಗಟ್ಟಿ ಮಾಡುವುದೂ ಒಂದು.

ಹಂತ 2: ನಿಮ್ಮ ಬಲವನ್ನು ಅಳೆಯಿರಿ

ಅಳತೆ ಮಾಡದೆ ಶುರು ಮಾಡಿದವರಿಗೆ ಎರಡು ತಿಂಗಳಾದ ಮೇಲೆ ಏನಾದರೂ ಬದಲಾಯಿತೇ ಎಂಬುದೇ ತಿಳಿಯುವುದಿಲ್ಲ. ಬೇಸರ ಬಂದು ಬಿಡುವುದು ಆಗಲೇ.

ಸುಮಾರು 17 ಇಂಚು ಎತ್ತರದ, ಕೈಯಿಲ್ಲದ ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿಡಿ. ಎರಡೂ ಕೈ ಎದೆಯ ಮೇಲೆ ಅಡ್ಡಲಾಗಿರಲಿ. ಮನೆಯವರೊಬ್ಬರು ಮೊಬೈಲಿನಲ್ಲಿ 30 ಸೆಕೆಂಡ್ ನೋಡಲಿ. ಅಷ್ಟರಲ್ಲಿ ಎಷ್ಟು ಸಲ ಪೂರ್ತಿ ಎದ್ದು ನಿಂತು ಮತ್ತೆ ಕೂರುತ್ತೀರಿ ಎಂದು ಎಣಿಸಿ. ಕೈ ಊರಿದರೆ ಲೆಕ್ಕ ಸೊನ್ನೆ.

ಅಮೆರಿಕದ ಆರೋಗ್ಯ ಸಂಸ್ಥೆ ಸಿಡಿಸಿ, ಬೀಳುವ ಅಪಾಯ ತಿಳಿಯಲು ಇದನ್ನೇ ಬಳಸುತ್ತದೆ. 60ರಿಂದ 64ರ ಗಂಡಸರು 14ಕ್ಕಿಂತ, ಹೆಂಗಸರು 12ಕ್ಕಿಂತ ಕಡಿಮೆ ಸಲ ಎದ್ದರೆ ಅದು ಸರಾಸರಿಗಿಂತ ಕೆಳಗೆ. 65ರಿಂದ 69ಕ್ಕೆ ಆ ಗಡಿ 12 ಮತ್ತು 11, 70ರಿಂದ 74ಕ್ಕೆ 12 ಮತ್ತು 10, 75ರಿಂದ 79ಕ್ಕೆ 11 ಮತ್ತು 10, 80ರಿಂದ 84ಕ್ಕೆ 10 ಮತ್ತು 9.

ಸಂಖ್ಯೆಯನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಚೌಕದಲ್ಲೇ ಬರೆಯಿರಿ. ಸೊನ್ನೆ ಬಂದರೂ ಬರೆಯಿರಿ. ನಾಲ್ಕು ವಾರಕ್ಕೊಮ್ಮೆ ಮತ್ತೆ ಅಳೆಯಿರಿ, ಅದಕ್ಕಿಂತ ಮೊದಲು ಬೇಡ.

ಹಂತ 3: ಬೇಕಾದ ಸಾಮಾನು

ಗಟ್ಟಿಯಾದ ಮರದ ಅಥವಾ ಕಬ್ಬಿಣದ ಕುರ್ಚಿ. ಬಿಳಿ ಪ್ಲಾಸ್ಟಿಕ್ ಕುರ್ಚಿ ಟೈಲ್ಸ್ ನೆಲದ ಮೇಲೆ ಸರಕ್ಕನೆ ಹಿಂದೆ ಜಾರುತ್ತದೆ, ಕಾಲು ಅಗಲಿಸಿಕೊಂಡು ಬಿಡುತ್ತದೆ. ಅದು ಬೇಡವೇ ಬೇಡ.

ಭಾರಕ್ಕೆ ನೀರು ತುಂಬಿದ ಒಂದು ಲೀಟರ್ ಬಾಟಲಿ (ಒಂದು ಕಿಲೋ), ಗಟ್ಟಿ ಹಿಡಿಯ ಎರಡು ಕೈಚೀಲ, ಅದರೊಳಗೆ ಹಾಕಲು ಅಕ್ಕಿ, ಬೇಳೆಯ ಒಂದೊಂದು ಕಿಲೋ ಪೊಟ್ಟಣ. ಭಾರವನ್ನು ಕಿಲೋ ಕಿಲೋ ಏರಿಸಲು ಇದಕ್ಕಿಂತ ಅನುಕೂಲವಾದದ್ದಿಲ್ಲ. ಒಂದು ರಬ್ಬರ್ ವ್ಯಾಯಾಮ ಪಟ್ಟಿ ಕೊಂಡರೆ ಒಳ್ಳೆಯದು. ಬಿರುಕು ಬಿಟ್ಟಿದೆಯೇ ಎಂದು ಪ್ರತಿ ಸಲ ನೋಡಿ, ಹರಿದು ಮುಖಕ್ಕೆ ಹೊಡೆದರೆ ಕಣ್ಣಿಗೆ ಅಪಾಯ.

ಬರಿಗಾಲು ಅಥವಾ ಹಿಡಿತದ ಶೂ. ಕಾಲುಚೀಲ ಮಾತ್ರ ಹಾಕಿಕೊಂಡು, ಹವಾಯಿ ಚಪ್ಪಲಿ ಮೆಟ್ಟಿಕೊಂಡು ಮಾಡಬೇಡಿ. ಸೀರೆಯ ನೆರಿಗೆ, ಪಂಚೆಯ ಅಂಚು ಕಾಲಿಗೆ ಸಿಗದಂತೆ ಎತ್ತಿ ಕಟ್ಟಿಕೊಳ್ಳಿ. ನೆಲ ಒರೆಸಿ ಒಣಗಿದ ಮೇಲೆಯೇ ಶುರು ಮಾಡಿ.

ಹಂತ 4: ಮೊದಲ ಎರಡು ವಾರ ಕುರ್ಚಿಯಿಂದ ಏಳುವುದೊಂದೇ

ಎಲ್ಲವನ್ನೂ ಒಟ್ಟಿಗೆ ಶುರು ಮಾಡುವ ಆಸೆ ಬರುತ್ತದೆ. ದಯವಿಟ್ಟು ತಡೆಯಿರಿ. ಸ್ನಾಯುಗಿಂತ ನಿಧಾನವಾಗಿ ಗಟ್ಟಿಯಾಗುವುದು ಕೀಲಿನ ಸುತ್ತಲಿನ ನಾರುಗಳು. ಮೊದಲ ವಾರಗಳಲ್ಲಿ "ಇನ್ನೂ ಮಾಡಬಲ್ಲೆ" ಅನ್ನಿಸಿದರೂ ಅವು ಸಿದ್ಧವಾಗಿರುವುದಿಲ್ಲ.

ಐದು ನಿಮಿಷ ಮನೆಯೊಳಗೇ ನಡೆದು ಮೈ ಬೆಚ್ಚಗೆ ಮಾಡಿಕೊಳ್ಳಿ. ಕುರ್ಚಿಯ ಮುಂದಿನ ಅರ್ಧಕ್ಕೆ ಸರಿದು ಕೂರಿ. ಪಾದಗಳು ಭುಜದಷ್ಟು ಅಗಲ, ಮಂಡಿಗಿಂತ ತುಸು ಹಿಂದೆ. ಈ ಒಂದು ವಿಷಯ ತಪ್ಪಿದರೆ ಏಳುವುದೇ ಕಷ್ಟ: ಪಾದ ಮುಂದೆ ಚಾಚಿಕೊಂಡಿದ್ದರೆ ಎಂಥ ಬಲವಂತರಿಗೂ ಏಳಲಾಗದು. ಎದೆಯನ್ನು ಮುಂದೆ ತನ್ನಿ, ಮೂಗು ಕಾಲ್ಬೆರಳಿನ ನೇರಕ್ಕೆ ಬರಲಿ. ಹಿಮ್ಮಡಿಯಿಂದ ನೆಲವನ್ನು ಒತ್ತಿ ಏಳಿ. ಪೂರ್ತಿ ನೇರವಾಗಿ ನಿಂತು ಪೃಷ್ಠವನ್ನು ಬಿಗಿ ಮಾಡಿ.

ಇನ್ನು ಕೂರುವುದು. ಬಹಳ ಮಂದಿ ಧೊಪ್ಪನೆ ಕೂರುತ್ತಾರೆ, ಅರ್ಧ ವ್ಯಾಯಾಮ ಅಲ್ಲೇ ಹೋಗುತ್ತದೆ. ಒಂದು, ಎರಡು, ಮೂರು ಎಂದು ಎಣಿಸುತ್ತ ಇಳಿಯಿರಿ. ಇಳಿಯುವಾಗ ಭಾರ ಹೊರುವ ಸ್ನಾಯು ಚೆನ್ನಾಗಿ ಬೆಳೆಯುತ್ತದೆ, ಮೆಟ್ಟಿಲು ಇಳಿಯುವಾಗ ಮಂಡಿಯನ್ನು ಕಾಯುವುದೂ ಈ ಬಲವೇ.

ಎಣಿಕೆಯನ್ನು ಗಟ್ಟಿಯಾಗಿ, ಬಾಯಿಬಿಟ್ಟು ಹೇಳಿ. ಉಸಿರು ಕಟ್ಟಿ ಭಾರ ಎತ್ತಿದರೆ ಬಿ.ಪಿ. ಒಮ್ಮೆಲೇ ಏರುತ್ತದೆ. ಎಣಿಸುತ್ತಿರುವವರು ಉಸಿರು ಕಟ್ಟಲಾರರು.

ಎಂಟು ಸಲ ಮಾಡಿ, ಎರಡು ನಿಮಿಷ ಕೂತು, ಮತ್ತೆ ಎಂಟು. ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಡುವು. ಎಂಟು ಆಗದಿದ್ದರೆ ಕುರ್ಚಿಯ ಮೇಲೆ ದಪ್ಪ ದಿಂಬು ಹಾಕಿ ಎತ್ತರ ಹೆಚ್ಚಿಸಿ. ಅದೂ ಆಗದಿದ್ದರೆ ಮುಂದೆ ಊಟದ ಮೇಜನ್ನು ಇಟ್ಟುಕೊಂಡು ಅಂಗೈ ಊರಿ ಏಳಿ, ದಿನ ಕಳೆದಂತೆ ಕೈಯ ಒತ್ತಡ ಕಡಿಮೆ ಮಾಡಿ. ಮಂಡಿಗಳು ಒಳಗೆ ವಾಲುತ್ತಿದ್ದರೆ ಎದುರಿಗೆ ಕನ್ನಡಿ ಇಟ್ಟು, ಅವು ಕಾಲ್ಬೆರಳಿನ ದಿಕ್ಕಿಗೇ ಇರುವಂತೆ ನೋಡಿಕೊಳ್ಳಿ.

ಮಾರನೆಯ ದಿನ ತೊಡೆ ಹಿಡಿದುಕೊಂಡಂತಿದ್ದರೆ ಗಾಬರಿ ಬೇಡ. ಒಂದರಿಂದ ಮೂರು ದಿನ ಇದ್ದು ಹೋಗುವ ನೋವು ಅದು. ಕೀಲಿನ ಒಳಗೆ ಚುಚ್ಚಿದಂತಾದರೆ, ಮಂಡಿ ಊದಿದರೆ ಮಾತ್ರ ಎಚ್ಚರ.

ಹಂತ 5: ಮೂರನೇ ವಾರದಿಂದ ಉಳಿದ ಸ್ನಾಯುಗಳು

ಈಗ ಕುರ್ಚಿಯ ಜೊತೆಗೆ ಐದು ವ್ಯಾಯಾಮ ಸೇರಿಸಿ. ಕ್ರಮ ಮುಖ್ಯ. ದೊಡ್ಡ ಸ್ನಾಯು ಮೊದಲು, ಹಿಡಿತದ ಕೆಲಸ ಕೊನೆಗೆ. ಕೈ ಮೊದಲೇ ಸೋತರೆ ಉಳಿದದ್ದು ಯಾವುದೂ ಸರಿಯಾಗಿ ಆಗದು.

ಗೋಡೆ ತಳ್ಳುವುದು. ಗೋಡೆಯಿಂದ ಒಂದು ತೋಳಿನಷ್ಟು ದೂರ ನಿಂತು, ಅಂಗೈಗಳನ್ನು ಎದೆಯ ಎತ್ತರಕ್ಕೆ ಊರಿ, ಮೊಣಕೈ ಬಗ್ಗಿಸಿ ಎದೆಯನ್ನು ಗೋಡೆಯ ಹತ್ತಿರ ತಂದು ಹಿಂದೆ ತಳ್ಳಿ. ತಲೆಯಿಂದ ಹಿಮ್ಮಡಿವರೆಗೆ ಮೈ ನೇರ. ಸುಲಭವಾದ ಮೇಲೆ ಅಡುಗೆಮನೆಯ ಕಟ್ಟೆಗೆ ಕೈ ಊರಿ ಮಾಡಿ. ಗರಡಿಮನೆಯ ದಂಡ ಹೊಡೆಯುವುದಕ್ಕೆ ಇದೇ ಮೊದಲ ಮೆಟ್ಟಿಲು.

ಎಳೆಯುವುದು. ಮುಂದೆ ತಳ್ಳುವ ವ್ಯಾಯಾಮವನ್ನೇ ಮಾಡಿ ಹಿಂದಕ್ಕೆ ಎಳೆಯುವುದನ್ನು ಮರೆಯುವವರು ಬಹಳ, ಅವರ ಭುಜ ಮುಂದೆ ಬಾಗುತ್ತಲೇ ಹೋಗುತ್ತದೆ. ರಬ್ಬರ್ ಪಟ್ಟಿಯನ್ನು ಕಿಟಕಿಯ ಕಬ್ಬಿಣದ ಸರಳಿಗೆ ಸುತ್ತಿ, ಎರಡೂ ತುದಿ ಹಿಡಿದು, ಮೊಣಕೈಗಳನ್ನು ಪಕ್ಕೆಗೆ ಒರೆಸಿಕೊಂಡು ಹಿಂದೆ ಎಳೆಯಿರಿ. ಬೆನ್ನಿನ ಮೇಲಿನ ಎರಡು ರೆಕ್ಕೆಮೂಳೆಗಳು ಹತ್ತಿರ ಬರಬೇಕು.

ಸೇತುವೆ. ಮಂಚದ ಮೇಲೆ ಅಥವಾ ಚಾಪೆಯ ಮೇಲೆ ಅಂಗಾತ ಮಲಗಿ ಮಂಡಿ ಮಡಚಿ, ಪಾದ ಊರಿ ಸೊಂಟವನ್ನು ಮೇಲೆತ್ತಿ ಮೂರು ಎಣಿಸುವವರೆಗೆ ನಿಲ್ಲಿಸಿ. ನೋವು ಸೊಂಟದಲ್ಲಿ ಕಂಡರೆ ತುಂಬ ಮೇಲೆ ಎತ್ತುತ್ತಿದ್ದೀರಿ ಎಂದರ್ಥ. ಕೆಲಸ ಪೃಷ್ಠದಲ್ಲಿ ತಿಳಿಯಬೇಕು.

ಹಿಮ್ಮಡಿ ಎತ್ತುವುದು. ಕುರ್ಚಿಯ ಬೆನ್ನು ಹಿಡಿದು ನಿಂತು ಹಿಮ್ಮಡಿ ಎತ್ತಿ, ನಿಧಾನಕ್ಕೆ ಇಳಿಸಿ. ಮೀನಖಂಡ ಗಟ್ಟಿಯಾದರೆ ನಡಿಗೆಯ ವೇಗ ಹೆಚ್ಚುತ್ತದೆ. ಕಾಲಿನ ರಕ್ತ ಮೇಲೇರುವುದಕ್ಕೂ ಸಹಾಯ.

ಹೊತ್ತು ನಡೆಯುವುದು. ಎರಡೂ ಕೈಯಲ್ಲಿ ಸಮ ಭಾರದ ಚೀಲ ಹಿಡಿದು, ಬೆನ್ನು ನೆಟ್ಟಗೆ ಇಟ್ಟು ಪಡಸಾಲೆಯಲ್ಲಿ ಅರ್ಧ ನಿಮಿಷ ನಡೆಯಿರಿ. ಮೂರು ಮೂರು ಕಿಲೋದಿಂದ ಶುರು ಮಾಡಬಹುದು. ಬಾವಿಯಿಂದ ಕೊಡ ಹೊತ್ತು ತಂದ ತಲೆಮಾರಿಗೆ ಇದನ್ನು ಹೇಳಿಕೊಡಬೇಕಿರಲಿಲ್ಲ. ಹಿಡಿತ, ಭುಜ, ಸೊಂಟ, ಕಾಲು ನಾಲ್ಕೂ ಒಟ್ಟಿಗೆ ದುಡಿಯುವ ವ್ಯಾಯಾಮ ಇದು. ನಲ್ಲಿ ನೀರಿನ ಕಾಲದಲ್ಲಿ ನಮ್ಮ ಮನೆಗಳಿಂದ ಮಾಯವಾದ ದೊಡ್ಡ ಕಸರತ್ತು ಇದೇ ಎನ್ನುವುದು ನನ್ನ ಅಭಿಪ್ರಾಯ.

ಪ್ರತಿಯೊಂದೂ ಹತ್ತು ಸಲ (ಹೊತ್ತು ನಡೆಯುವುದು ಮಾತ್ರ ಅರ್ಧ ನಿಮಿಷ), ಎರಡು ಸುತ್ತು. ಒಟ್ಟು ಅರ್ಧ ಗಂಟೆ ಹಿಡಿಯುತ್ತದೆ.

ಹಂತ 6: ಭಾರ ಏರಿಸುವುದು

ಈ ಹಂತದಲ್ಲಿ ನಿಂತುಹೋಗುವವರೇ ಹೆಚ್ಚು. ಹೋದ ತಿಂಗಳು ಕಷ್ಟವಾಗಿದ್ದದ್ದು ಈ ತಿಂಗಳು ಸಲೀಸಾದರೆ ಖುಷಿಪಟ್ಟು ಅಲ್ಲೇ ಉಳಿದುಬಿಡುತ್ತಾರೆ. ಸಲೀಸಾದ ದಿನವೇ ಆ ಭಾರದ ಕೆಲಸ ಮುಗಿಯಿತು.

ಸರಿಯಾದ ಭಾರ ಯಾವುದು? ಸುತ್ತು ಮುಗಿದಾಗ, "ಒತ್ತಾಯ ಮಾಡಿದರೆ ಇನ್ನೂ ಎರಡು ಮಾಡಬಹುದಿತ್ತು, ಮೂರನೆಯದು ಆಗುತ್ತಿರಲಿಲ್ಲ" ಅನ್ನಿಸಬೇಕು. ಇನ್ನೂ ಹತ್ತು ಮಾಡಬಹುದಿತ್ತು ಅನ್ನಿಸಿದರೆ ಭಾರ ಸಾಲದು. ಕೊನೆಯ ಎರಡರಲ್ಲಿ ಮೈ ಓಲಾಡಿತು, ಉಸಿರು ಕಟ್ಟಿತು ಎಂದಾದರೆ ಜಾಸ್ತಿಯಾಯಿತು.

ಒಂದು ವ್ಯಾಯಾಮವನ್ನು ಹನ್ನೆರಡು ಸಲದಂತೆ ಮೂರು ಸುತ್ತು, ಎರಡು ಬೇರೆ ಬೇರೆ ದಿನ ಸರಿಯಾಗಿ ಮಾಡಿದಿರಾದರೆ ಭಾರ ಏರಿಸಿ, ಎಣಿಕೆಯನ್ನು ಎಂಟಕ್ಕೆ ಇಳಿಸಿ. ಮತ್ತೆ ಹನ್ನೆರಡರತ್ತ ಹೋಗಿ. ಒಂದು ಸಲಕ್ಕೆ ಒಂದೇ ಏರಿಕೆ: ಭಾರ ಹೆಚ್ಚಿಸಿದ ವಾರ ಸುತ್ತು ಹೆಚ್ಚಿಸಬೇಡಿ.

ಕುರ್ಚಿಯ ವ್ಯಾಯಾಮ ಏರುವ ದಾರಿ ಹೀಗಿದೆ: ದಿಂಬು ತೆಗೆಯುವುದು, ಕೈ ಬಿಡುವುದು, ಇಳಿಯುವಾಗ ಐದು ಎಣಿಸುವುದು, ಎರಡು ಕಿಲೋ ಚೀಲವನ್ನು ಎದೆಗೆ ಅವಚಿಕೊಂಡು ಏಳುವುದು, ಅದನ್ನು ಕಿಲೋ ಕಿಲೋ ಹೆಚ್ಚಿಸುವುದು, ಕೊನೆಗೆ ಒಂದು ಪಾದವನ್ನು ತುಸು ಮುಂದಿಟ್ಟು ಹಿಂದಿನ ಕಾಲಿನ ಮೇಲೆ ಹೆಚ್ಚು ಭಾರ ಹಾಕುವುದು. ಹಳೆಯ ಕಾಲದ ಪೂರ್ಣ ಬಸ್ಕಿಗೆ ಎಲ್ಲರೂ ತಲುಪಬೇಕೆಂದಿಲ್ಲ. ಮಂಡಿ ಒಪ್ಪಿದವರು ಹೋಗಲಿ.

ಎರಡು ತಿಂಗಳಾದ ಮೇಲೆ, ಭಾರವಿಲ್ಲದೆ ಒಂದು ಸುತ್ತನ್ನು ವೇಗವಾಗಿ ಏಳುವುದಕ್ಕೆ ಮೀಸಲಿಡಿ. ಥಟ್ಟನೆ ಏಳಿ, ನಿಧಾನ ಇಳಿಯಿರಿ. ಆರು ಸಲ ಸಾಕು. ಮೊದಲು ಹೇಳಿದ ವೇಗದ ಎಳೆಗಳಿಗೆ ಇದು. ಎಡವಿದಾಗ ನಿಮ್ಮನ್ನು ಹಿಡಿದು ನಿಲ್ಲಿಸುವುದು ಈ ಅರ್ಧ ಸೆಕೆಂಡಿನ ಬಲ.

ಹಂತ 7: ಏದುಸಿರಿನ ವ್ಯಾಯಾಮ

ಕಾಲಿಗೆ ಆರು ವಾರದ ಬಲ ಬಂದ ಮೇಲೆ ಇದಕ್ಕೆ ಕೈ ಹಾಕಿ. ಬಲವಿಲ್ಲದ ಕಾಲಿನಲ್ಲಿ ಜೋರಾಗಿ ನಡೆದರೆ ಮಂಡಿ ಮೊದಲು ದೂರು ಹೇಳುತ್ತದೆ, ಉಸಿರಿನವರೆಗೆ ಕೆಲಸ ಹೋಗುವುದೇ ಇಲ್ಲ.

ಹೊಸದಾಗಿ ಏನೂ ಕೊಳ್ಳಬೇಕಿಲ್ಲ, ನಿಮ್ಮ ವಾಕಿಂಗನ್ನೇ ಬದಲಿಸಿ. ಮೂರು ನಿಮಿಷ ಬಿರುಸಾಗಿ, ಮೂರು ನಿಮಿಷ ನಿಧಾನವಾಗಿ, ಹೀಗೆ ಐದು ಬಾರಿ, ಒಟ್ಟು ಅರ್ಧ ಗಂಟೆ. ಜಪಾನಿನ ಶಿನ್ಶು ವಿಶ್ವವಿದ್ಯಾಲಯದವರು ನಡುವಯಸ್ಸಿನವರಿಗೂ ವಯಸ್ಸಾದವರಿಗೂ ಈ ಕ್ರಮವನ್ನು ಕಲಿಸಿ 2007ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದೇ ವೇಗದಲ್ಲಿ ನಡೆದವರಿಗಿಂತ ಇವರಲ್ಲಿ ತೊಡೆಯ ಬಲವೂ, ಆಮ್ಲಜನಕ ಬಳಸುವ ಶಕ್ತಿಯೂ ಹೆಚ್ಚು ಏರಿತ್ತು, ಬಿ.ಪಿ. ಹೆಚ್ಚು ಇಳಿದಿತ್ತು.

ಬಿರುಸು ಎಂದರೆ ಎಷ್ಟು? ಎರಡು ಮೂರು ಪದ ಆಡುವಷ್ಟರಲ್ಲಿ ಉಸಿರು ತೆಗೆದುಕೊಳ್ಳಬೇಕಾಗಬೇಕು. ಪಕ್ಕದವರ ಜೊತೆ ಮಗಳ ಮದುವೆಯ ವಿಷಯ ಪೂರ್ತಿ ಹೇಳಲು ಆಗುತ್ತಿದ್ದರೆ ಅದು ಬಿರುಸಲ್ಲ. ನಿಧಾನದ ಮೂರು ನಿಮಿಷ ಮುಗಿದಾಗ ಮಾತು ಸರಾಗವಾಗಬೇಕು, ಆಗದಿದ್ದರೆ ಇನ್ನೂ ಎರಡು ನಿಮಿಷ ನಿಧಾನ ನಡೆಯಿರಿ.

ಮೊದಲ ವಾರ ಒಂದೊಂದೇ ನಿಮಿಷದ ಬಿರುಸು, ಮೂರೇ ಬಾರಿ. ಆಮೇಲೆ ವಾರಕ್ಕೆ ಅರ್ಧ ನಿಮಿಷ ಏರಿಸಿ. ವಾರದಲ್ಲಿ ಎರಡು ದಿನ ಸಾಕು, ಮೂರು ದಿನ ಆದರೆ ಒಳ್ಳೆಯದು. ಉಳಿದ ದಿನ ಮಾಮೂಲಿ ನಡಿಗೆ. ವಾರಕ್ಕೆ ಕನಿಷ್ಠ 150 ನಿಮಿಷದ ಸಾಧಾರಣ ಶ್ರಮ, ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ, 65 ದಾಟಿದವರಿಗೆ ಮೂರು ದಿನ ಸಮತೋಲನದ ಅಭ್ಯಾಸವೂ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2020ರ ಸೂಚನೆ. ಈ ಲೆಕ್ಕ ಹೀಗೆ ಸೇರಿಕೊಳ್ಳುತ್ತದೆ.

ಬಿರುಸು ನಡಿಗೆಗೆ ಗುಂಡಿ ಬಿದ್ದ ಫುಟ್‌ಪಾತ್ ಬೇಡ. ಶಾಲೆಯ ಮೈದಾನ, ಕೆರೆ ಏರಿ, ಪಾರ್ಕಿನ ಹಾದಿ ನೋಡಿಕೊಳ್ಳಿ. ಮಂಡಿ ಒಪ್ಪದವರು ನಿಂತಲ್ಲೇ ನಿಂತ ಸೈಕಲ್ ತುಳಿಯಬಹುದು.

ಹಂತ 8: ಸಮತೋಲನ, ನೆಲದಿಂದ ಏಳುವುದು

ಕಟ್ಟೆ ಹಿಡಿದು ಒಂದೇ ಕಾಲ ಮೇಲೆ ಹತ್ತು ಎಣಿಸುವವರೆಗೆ ನಿಲ್ಲಿ. ದಿನ ಕಳೆದಂತೆ ಪೂರ್ತಿ ಕೈಯ ಬದಲು ಬೆರಳನ್ನಷ್ಟೇ ಊರಿ, ಆಮೇಲೆ ಕಟ್ಟೆಯನ್ನು ಮುಟ್ಟದೆ ಕೈಯನ್ನು ಅದರ ಹತ್ತಿರ ಇಟ್ಟುಕೊಂಡು ನಿಲ್ಲಿ. ಕಾಫಿ ಕಾಯುವ ಹೊತ್ತಿಗೆ ಮುಗಿಯುವ ಕೆಲಸ.

ನೆಲದಿಂದ ಏಳುವುದನ್ನು ಮಾತ್ರ ಮನೆಯವರು ಹತ್ತಿರ ಇದ್ದಾಗ ಕಲಿಯಿರಿ. ಬಿದ್ದವರಲ್ಲಿ ಅನೇಕರಿಗೆ ಪೆಟ್ಟಾಗಿರುವುದಿಲ್ಲ, ಏಳುವ ಬಗೆ ತಿಳಿಯದೆ ಗಂಟೆಗಟ್ಟಲೆ ಅಲ್ಲೇ ಇರುತ್ತಾರೆ. ಮೊದಲು ಪಕ್ಕಕ್ಕೆ ಹೊರಳಿ. ಮೊಣಕೈ ಊರಿ, ಕೈ ಮಂಡಿ ಊರಿ ಅಂಬೆಗಾಲಿನ ಭಂಗಿಗೆ ಬನ್ನಿ. ಹಾಗೇ ಕುರ್ಚಿಯವರೆಗೆ ಸರಿಯಿರಿ, ಕುರ್ಚಿಯ ಮೇಲೆ ಎರಡೂ ಕೈ ಇಡಿ. ಬಲವಿರುವ ಕಾಲಿನ ಪಾದವನ್ನು ಮುಂದೆ ಊರಿ, ತಳ್ಳಿ ಎದ್ದು, ತಿರುಗಿ ಕೂರಿ. ವಾರಕ್ಕೆರಡು ಸಲ ಅಭ್ಯಾಸವಿರಲಿ. ಮಂಡಿ ಬದಲಿಸಿಕೊಂಡವರು ಈ ಕ್ರಮವನ್ನು ಫಿಸಿಯೋಥೆರಪಿಸ್ಟರಿಂದ ಕಲಿಯಲಿ.

ಹಂತ 9: ತಟ್ಟೆಯಲ್ಲಿ ಏನಿರಬೇಕು

ವ್ಯಾಯಾಮ ಮಾಡಿಯೂ ಸ್ನಾಯು ಬಾರದಿದ್ದರೆ ತಟ್ಟೆ ನೋಡಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಲೆಕ್ಕದಲ್ಲಿ ವಯಸ್ಕರಿಗೆ ಕಿಲೋ ತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. 65 ದಾಟಿದವರಿಗೆ 1ರಿಂದ 1.2 ಗ್ರಾಂ ಇರಲಿ ಎನ್ನುವುದು ವೃದ್ಧಾಪ್ಯದ ಆಹಾರ ತಜ್ಞರ ಸಲಹೆ. ಅಂದರೆ 60 ಕಿಲೋ ತೂಗುವವರಿಗೆ 60ರಿಂದ 72 ಗ್ರಾಂ.

ನಮ್ಮ ಊಟದ ತೊಡಕು ಬೆಳಗಿನ ತಿಂಡಿಯಲ್ಲಿದೆ. ಉಪ್ಪಿಟ್ಟು, ಚಿತ್ರಾನ್ನ, ಅವಲಕ್ಕಿಯಲ್ಲಿ ಪ್ರೋಟೀನ್ ಕಡಿಮೆ. ಎರಡನೆಯ ತೊಡಕು ತಿಳಿಸಾರು. ಬೇಳೆ ಬೆಂದ ನೀರು ತಟ್ಟೆಗೆ ಬಂದು, ಬೇಳೆ ಪಾತ್ರೆಯ ತಳದಲ್ಲಿ ಉಳಿಯುತ್ತದೆ. ವಯಸ್ಸಾದವರಿಗೆ ಬಡಿಸುವಾಗ ಸೌಟನ್ನು ತಳಕ್ಕೆ ಹಾಕಿ.

ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ದೊಡ್ಡ ಲೋಟ ಹಾಲಿನಲ್ಲಿ 8, ಒಂದು ಹಿಡಿ ಶೇಂಗಾದಲ್ಲಿ 7, ಗಟ್ಟಿ ಬೇಳೆಯ ಒಂದು ಬಟ್ಟಲಿನಲ್ಲಿ 7, ನೂರು ಗ್ರಾಂ ಪನೀರಿನಲ್ಲಿ 18, ಮೂವತ್ತು ಗ್ರಾಂ ಒಣ ಸೋಯಾ ತುಣುಕಿನಲ್ಲಿ 15 ಗ್ರಾಂ ಪ್ರೋಟೀನ್ ಇದೆ. ತಿಂಡಿಗೆ ಹೆಸರುಕಾಳಿನ ದೋಸೆ, ಶೇಂಗಾ ಚಟ್ನಿ, ಒಂದು ಲೋಟ ಹಾಲು ಆದರೆ 20 ಗ್ರಾಂ ಹತ್ತಿರ ಬರುತ್ತದೆ. ಮಧ್ಯಾಹ್ನ ಮುದ್ದೆಗೆ ಹುರುಳಿ ಅಥವಾ ಅವರೆಕಾಳಿನ ಗಟ್ಟಿ ಸಾರು, ಜೊತೆಗೆ ಮೊಸರು. ಮಾಂಸಾಹಾರಿಗಳಿಗೆ ಮೀನು, ಕೋಳಿ ದಾರಿ ಸುಲಭ ಮಾಡುತ್ತವೆ. ರಾತ್ರಿಗೊಮ್ಮೆಲೇ ತಿನ್ನುವ ಬದಲು ಮೂರೂ ಹೊತ್ತಿಗೆ ಹಂಚಿಕೊಳ್ಳಿ.

ಕಿಡ್ನಿ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬಾರದು. ಸುಸ್ತು ಬಿಡದಿದ್ದರೆ ವಿಟಮಿನ್ ಡಿ, ಬಿ12, ಹಿಮೊಗ್ಲೋಬಿನ್, ಥೈರಾಯ್ಡ್ ಪರೀಕ್ಷೆ ಮಾಡಿಸಿ. ಸಸ್ಯಾಹಾರಿಗಳಲ್ಲಿ, ಮೆಟ್‌ಫಾರ್ಮಿನ್ ಮಾತ್ರೆ ವರ್ಷಗಟ್ಟಲೆ ನುಂಗಿದವರಲ್ಲಿ ಬಿ12 ಕಡಿಮೆಯಾಗಿರುವುದು ಸಾಮಾನ್ಯ. ಅದನ್ನು ಸರಿಪಡಿಸದೆ ಎಷ್ಟು ಭಾರ ಎತ್ತಿದರೂ ಸುಸ್ತು ಹೋಗದು.

ನಿಲ್ಲಿಸಬೇಕಾದ ಸೂಚನೆಗಳು

ಎದೆಯಲ್ಲಿ ಬಿಗಿತ ಅಥವಾ ಒತ್ತಡ, ಎಡಗೈಗೆ, ದವಡೆಗೆ, ಬೆನ್ನಿಗೆ ಹರಿಯುವ ನೋವು, ಕೂತರೂ ಇಳಿಯದ ಏದುಸಿರು, ತಣ್ಣನೆಯ ಬೆವರು, ಒಂದು ಕೈ ಕಾಲು ಸೋತಂತಾಗುವುದು, ಮಾತು ತೊದಲುವುದು: ಇವುಗಳಲ್ಲಿ ಯಾವುದು ಕಂಡರೂ ನಿಲ್ಲಿಸಿ 108ಕ್ಕೆ ಕರೆ ಮಾಡಿ. "ಗ್ಯಾಸ್ ಇರಬೇಕು" ಎಂದು ಜೀರಿಗೆ ನೀರು ಕುಡಿದು ಕಾಯಬೇಡಿ.

ಕೈ ನಡುಕ, ಬೆವರು, ಕಣ್ಣು ಮಂಜಾಗುವುದು ಸಕ್ಕರೆ ಇಳಿದ ಗುರುತು. ಕೂಡಲೇ ಗ್ಲೂಕೋಸ್ ಅಥವಾ ಸಕ್ಕರೆ ನೀರು ಕುಡಿಯಿರಿ. ಇನ್ಸುಲಿನ್ ತೆಗೆದುಕೊಳ್ಳುವವರು ಶುರುವಿಗೆ ಮುಂಚೆ ಸಕ್ಕರೆ ನೋಡಿ, 100ಕ್ಕಿಂತ ಕಡಿಮೆ ಇದ್ದರೆ ಏನಾದರೂ ತಿಂದು ಆಮೇಲೆ ಮಾಡಿ.

ಕೀಲುನೋವಿಗೆ ಹತ್ತರಲ್ಲಿ ಅಂಕ ಕೊಡಿ. ಮೂರರೊಳಗಿದ್ದು ಮಾರನೆಯ ದಿನದೊಳಗೆ ಇಳಿದರೆ ಮುಂದುವರಿಸಬಹುದು. ಅದಕ್ಕಿಂತ ಹೆಚ್ಚಿದ್ದರೆ ಭಾರ ಅರ್ಧಕ್ಕೆ ಇಳಿಸಿ. ಊತ, ರಾತ್ರಿ ಎಚ್ಚರಿಸುವ ನೋವು, ಸೊಂಟದಿಂದ ಕಾಲಿಗೆ ಹರಿಯುವ ಜೋಮು ಇದ್ದರೆ ತೋರಿಸಿ. ಮೈಯೆಲ್ಲ ವಿಪರೀತ ನೋವಿನ ಜೊತೆ ಮೂತ್ರ ಕಡು ಬಣ್ಣಕ್ಕೆ ತಿರುಗಿದರೆ ಸ್ನಾಯು ಕರಗುತ್ತಿರಬಹುದು, ಅಂದೇ ಆಸ್ಪತ್ರೆಗೆ ಹೋಗಿ. ಕೊಲೆಸ್ಟ್ರಾಲ್ ಮಾತ್ರೆ ನುಂಗುವವರು ಇದನ್ನು ವಿಶೇಷವಾಗಿ ನೆನಪಿಡಿ.

ಜ್ವರ, ಮದುವೆ, ಊರಿಗೆ ಹೋದ ನಂತರ ಮತ್ತೆ ಶುರು ಮಾಡುವುದು

ಆರೋಗ್ಯವಂತ ವೃದ್ಧರನ್ನು ಹತ್ತು ದಿನ ಹಾಸಿಗೆಯಲ್ಲೇ ಇರಿಸಿ ನೋಡಿದ ಅಮೆರಿಕದ ಅಧ್ಯಯನವೊಂದರಲ್ಲಿ, ಎರಡೂ ಕಾಲಿನಿಂದ ಸುಮಾರು ಒಂದು ಕಿಲೋ ಸ್ನಾಯು ಹೋಗಿತ್ತು. ಕೇವಲ ಹತ್ತು ದಿನದಲ್ಲಿ. ಹಾಗಾಗಿ ಕಾಯಿಲೆ ಬಿದ್ದಾಗ ಡಾಕ್ಟರು ಬೇಡ ಎನ್ನದಿದ್ದರೆ, ಊಟಕ್ಕಾದರೂ ಹಾಸಿಗೆಯಿಂದ ಎದ್ದು ಕುರ್ಚಿಗೆ ಬನ್ನಿ, ಮಲಗಿದಲ್ಲೇ ಪಾದ ಆಡಿಸಿ, ಸೇತುವೆ ಮಾಡಿ.

ಜ್ವರ ಇರುವಾಗ ಭಾರ ಬೇಡ. ಬಿಟ್ಟ ಮೇಲೂ ಎರಡು ದಿನ ಬರಿಯ ನಡಿಗೆ. ಒಂದು ವಾರ ತಪ್ಪಿದ್ದರೆ ಬಿಟ್ಟ ಭಾರದಿಂದಲೇ ಶುರು ಮಾಡಿ, ಒಂದು ಸುತ್ತು ಕಡಿಮೆ. ಎರಡು ಮೂರು ವಾರ ತಪ್ಪಿದ್ದರೆ ಭಾರ ಅರ್ಧಕ್ಕೆ ಇಳಿಸಿ. ಒಂದು ತಿಂಗಳಿಗಿಂತ ಹೆಚ್ಚಾಗಿದ್ದರೆ ಹಂತ 2ರ ಅಳತೆ ಮತ್ತೆ ತೆಗೆದು ಹಂತ 4ರಿಂದ ಬನ್ನಿ. ಮೊದಲೊಮ್ಮೆ ಬಲ ಬಂದಿದ್ದ ಸ್ನಾಯು ಎರಡನೇ ಸಲ ಬೇಗ ಮರಳುತ್ತದೆ. ನೆಂಟರ ಮನೆಯಲ್ಲಿದ್ದರೂ ಅಲ್ಲೊಂದು ಗಟ್ಟಿ ಕುರ್ಚಿ ಇದ್ದೇ ಇರುತ್ತದೆ, ವಾರಕ್ಕೊಂದು ದಿನವಾದರೂ ಎದ್ದು ಕೂರುವ ಮೂರು ಸುತ್ತು ಅಲ್ಲೇ ಮುಗಿಸಿ.